ಸಮಾಂಕವೆಂದರೆ ಸಮಾನವೆಂದಲ್ಲ

ಕಥಾಸ್ಪರ್ಧೆಯೊಂದರ ಅಂಕಪಟ್ಟಿಗಳನ್ನು ಕೂಡಿಸಿ ನೋಡಿದಾಗ ಮೊದಲ ಸ್ಥಾನಕ್ಕೆ ಎರಡು ಕಥೆಗಳು ಒಂದೇ ಮೊತ್ತದಲ್ಲಿ ನಿಂತಿದ್ದರೆ ಏನು ಮಾಡಬೇಕು? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೋ ವಾರ್ಷಿಕೋತ್ಸವಕ್ಕೋ ಏರ್ಪಡಿಸುವ ಕಥೆ, ಕವನ, ಪ್ರಬಂಧ ಸ್ಪರ್ಧೆಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಸಮಾರಂಭಕ್ಕೆ ನಾಲ್ಕೈದು ದಿನ ಉಳಿದಿರುವಾಗ ಎದುರಾಗುತ್ತದೆ. ಪ್ರಮಾಣಪತ್ರ ಅಚ್ಚಾಗಬೇಕು, ಸ್ಮರಣಿಕೆಯ ಮೇಲೆ ಹೆಸರು ಕೆತ್ತಿಸಬೇಕು. ಆಗ ಹೊಳೆಯುವ ಪರಿಹಾರಗಳು ನಾಲ್ಕು: ಇಬ್ಬರಿಗೂ ಹಂಚಿಬಿಡುವುದು, ವಯಸ್ಸಿನಲ್ಲಿ ಹಿರಿಯರಿಗೆ ಕೊಡುವುದು, ಚೀಟಿ ಎತ್ತುವುದು, ಅಥವಾ ಸಂಘದ ಪದಾಧಿಕಾರಿಗಳೇ ಕುಳಿತು ಒಂದು ತೀರ್ಮಾನಕ್ಕೆ ಬರುವುದು. ಈ ನಾಲ್ಕೂ ಒಂದಕ್ಕೊಂದು ತೀರ ಬೇರೆಯಾಗಿ ಕಂಡರೂ ಅವುಗಳಲ್ಲಿ ಒಂದು ಸಾಮ್ಯವಿದೆ. ನಾಲ್ಕರಲ್ಲಿ ಯಾವುದನ್ನು ಆರಿಸಿಕೊಂಡರೂ ಆ ಎರಡು ಕಥೆಗಳನ್ನು ಯಾರೂ ಮತ್ತೊಮ್ಮೆ ಓದಬೇಕಾಗಿಲ್ಲ.

ನನ್ನ ಆಕ್ಷೇಪ ಇರುವುದು ಅಲ್ಲಿಯೇ. ಸಮಾಂಕ ಬಂತೆಂದರೆ ತೀರ್ಪು ಮುಗಿಯಿತು, ಇನ್ನುಳಿದಿರುವುದು ವ್ಯವಸ್ಥೆಯ ಸಮಸ್ಯೆ ಎಂದು ನಾವು ಭಾವಿಸುತ್ತೇವೆ. ನನ್ನ ಮಟ್ಟಿಗೆ, ತೀರ್ಪುಗಾರರು ನಿಜವಾಗಿ ಬೇಕಾಗುವುದು ಆ ಗಳಿಗೆಯಲ್ಲಿಯೇ.

ಮೊದಲು ಸಮಾಂಕ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಮೂವರು ತೀರ್ಪುಗಾರರು, ತಲಾ ನೂರು ಅಂಕ ಎಂದಿಟ್ಟುಕೊಳ್ಳಿ. ಒಂದು ಕಥೆಗೆ ಅವರು 82, 71, 70 ಕೊಟ್ಟಿದ್ದಾರೆ, ಮೊತ್ತ 223. ಇನ್ನೊಂದಕ್ಕೆ 74, 74, 75, ಅದೂ 223. ಕೂಡಿಸುವವರ ಕಣ್ಣಿಗೆ ಎರಡೂ ಸಮ. ಆದರೆ ಸಾಲು ಸಾಲಾಗಿ ನೋಡಿದರೆ ಮೂವರಲ್ಲಿ ಇಬ್ಬರು ಎರಡನೆಯ ಕಥೆಯನ್ನೇ ಮೇಲೆಂದು ಬಗೆದಿದ್ದಾರೆ. ಮೊದಲ ತೀರ್ಪುಗಾರರದು ಉದಾರವಾದ ಕೈ. ಮೆಚ್ಚಿದ್ದಕ್ಕೆ ಎತ್ತಿ ಕೊಡುತ್ತಾರೆ, ಮೆಚ್ಚದ್ದನ್ನು ಇಳಿಸಿಬಿಡುತ್ತಾರೆ. ಉಳಿದಿಬ್ಬರದು ಬಿಗಿ ಕೈ; ಅವರ ಅಂಕಗಳೆಲ್ಲ ಎಪ್ಪತ್ತರ ಆಸುಪಾಸಿನಲ್ಲೇ ಸುಳಿಯುತ್ತವೆ. ಹೀಗಾಗಿ ಒಬ್ಬರ ಎಂಟು ಅಂಕದ ಅಂತರ ಇಬ್ಬರ ಮೂರು ಮತ್ತು ಐದು ಅಂಕಗಳ ಅಂತರವನ್ನು ಸರಿಗಟ್ಟಿತು. ಎರಡು ಕಥೆಗಳು ಸಮಾನವೆಂದು ಇಲ್ಲಿ ಯಾರೂ ಹೇಳಿಲ್ಲ. ಮೂವರೂ ಒಂದು ಮೇಲು, ಇನ್ನೊಂದು ಕೆಳಗು ಎಂದೇ ಹೇಳಿದ್ದಾರೆ. ಸಮವೆಂದು ಹೇಳಿದ್ದು ಕೂಡಿಕೆಯ ಲೆಕ್ಕ ಮಾತ್ರ.

ಹಾಗಾದರೆ ಇಬ್ಬರ ಬಹುಮತದಂತೆ ಎರಡನೆಯ ಕಥೆಗೆ ಬಹುಮಾನ ಕೊಟ್ಟು ಮುಗಿಸಬಹುದಲ್ಲ ಎಂದರೆ, ಅಷ್ಟಕ್ಕೆ ನಿಲ್ಲುವುದೂ ಅವಸರವೇ. ಮೊದಲ ತೀರ್ಪುಗಾರರು 82 ಕೊಟ್ಟಿದ್ದು ಏಕೆ ಎಂದು ಕೇಳಬೇಡವೇ? ಉಳಿದಿಬ್ಬರ ಕಣ್ಣಿಗೆ ಬೀಳದ ಏನನ್ನೋ ಅವರು ಕಂಡಿರಬಹುದು. ನಮ್ಮ ಪರಿಸರದಲ್ಲಿ ಇದು ಬರಿಯ ಊಹೆಯಲ್ಲ. ಮುಂಬಯಿ ಕನ್ನಡ ಒಂದೇ ಕನ್ನಡವಲ್ಲ. ದಕ್ಷಿಣ ಕನ್ನಡ, ಉಡುಪಿ, ಕುಂದಾಪುರ, ಉತ್ತರ ಕನ್ನಡ, ಧಾರವಾಡ, ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಿಂದ ಬಂದ ಕನ್ನಡಗಳೆಲ್ಲ ಒಂದೇ ಲೋಕಲ್ ಗಾಡಿಯಲ್ಲಿ ಪಯಣಿಸುತ್ತವೆ. ಕುಂದಾಪುರದ ಕಡೆಯ ಕಥೆಗಾರ್ತಿ ‘ಗಂಟಿ’ ಎಂದು ಬರೆದರೆ ಅದು ದನಕರು; ಧಾರವಾಡದ ಕಡೆಯ ಓದುಗರಿಗೆ ‘ಗಂಟಿ’ ಎಂದರೆ ಬಾರಿಸುವ ಗಂಟೆ. ಆ ಒಂದು ಪದದಲ್ಲಿ ಎಡವಿದ ಓದುಗ ಆ ಪುಟದ ಭಾವವನ್ನೇ ಕಳೆದುಕೊಂಡಿರುತ್ತಾನೆ. ಅದೇ ರೀತಿ ಕಲಬುರಗಿಯ ಮಾತಿನ ಬಿರುಸನ್ನು ಕರಾವಳಿಯ ತೀರ್ಪುಗಾರರು ಒರಟುತನವೆಂದು ತಿಳಿದು ‘ಭಾಷೆ’ಯ ಕಾಲಮಿನಲ್ಲಿ ನಾಲ್ಕಂಕ ಕಡಿತಗೊಳಿಸಿರಬಹುದು. ಇವು ದುರುದ್ದೇಶದಿಂದ ಆಗುವಂಥವಲ್ಲ. ಆದರೆ ಕೂಡಿಕೆಯೊಳಗೆ ಅಡಗಿ ಕುಳಿತ ಇಂಥ ಅಪಾರ್ಥಗಳು ತೀರ್ಪುಗಾರರು ಪರಸ್ಪರ ಮಾತಾಡದೆ ಹೊರಗೆ ಬರುವುದಿಲ್ಲ.

ಭಾಷೆಯ ಕಾಲಮಿಗೆ ಇನ್ನೂ ಒಂದು ತೊಡಕಿದೆ. ನಮ್ಮಲ್ಲಿ ಬರೆಯುವವರಲ್ಲಿ ಹಲವರು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದಿ, ಕನ್ನಡವನ್ನು ಮನೆಯಲ್ಲಿ ಅಮ್ಮನಿಂದಲೋ ಅಜ್ಜಿಯಿಂದಲೋ ಕಲಿತವರು. ಅವರ ಕಾಗುಣಿತದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗುತ್ತವೆ. ಅವರ ಪಾತ್ರಗಳು ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಹಿಂದಿ, ಮರಾಠಿ ಬೆರೆಸಿ ಮಾತಾಡುತ್ತವೆ. ಇಂಥ ಕಥೆಗೂ, ಅಚ್ಚುಕಟ್ಟಾದ ಕನ್ನಡದಲ್ಲಿ ಹೊಸದೇನನ್ನೂ ಹೇಳದ ಕಥೆಗೂ ಸಮಾಂಕ ಬಂದಾಗ, ವಾಸ್ತವವಾಗಿ ಎದುರುಬದುರಾಗಿರುವುದು ಎರಡು ಮೌಲ್ಯಗಳು. ಸ್ಪರ್ಧೆ ಯಾವುದನ್ನು ಗೌರವಿಸಲು ಹೊರಟಿದೆ ಎಂಬ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡದೆ ಚೀಟಿ ಎತ್ತಿದರೆ ಸಮಸ್ಯೆಯನ್ನು ಬಗೆಹರಿಸಿದಂತಾಗುವುದಿಲ್ಲ, ಮರೆಮಾಚಿದಂತಾಗುತ್ತದೆ.

ಚೀಟಿಯ ಪರವಾಗಿ ವಾದಿಸುವವರ ಮಾತಿನಲ್ಲೂ ತಿರುಳಿಲ್ಲದಿಲ್ಲ. ಚೀಟಿಗೆ ಪಕ್ಷಪಾತವಿಲ್ಲ, ಜಾತಿಯಿಲ್ಲ, ಊರಿಲ್ಲ ಎನ್ನುತ್ತಾರೆ. ಕಾನೂನು ಕೂಡ ಅದನ್ನು ಒಪ್ಪಿದೆ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಇಬ್ಬರು ಅಭ್ಯರ್ಥಿಗಳಿಗೆ ಸಮಮತ ಬಂದರೆ ಚುನಾವಣಾಧಿಕಾರಿ ಚೀಟಿ ಎತ್ತಿ ನಿರ್ಧರಿಸುತ್ತಾರೆ. 2017ರ ಮುಂಬಯಿ ಮಹಾನಗರಪಾಲಿಕೆಯ ಚುನಾವಣೆಯಲ್ಲಿ ಗಿರ್‌ಗಾಂವ್ ಭಾಗದ 220ನೆಯ ವಾರ್ಡಿನಲ್ಲಿ ಶಿವಸೇನೆ ಮತ್ತು ಭಾಜಪ ಅಭ್ಯರ್ಥಿಗಳಿಗೆ ಸಮಮತ ಬಂದು, ಚೀಟಿಯ ಮೂಲಕವೇ ಭಾಜಪದ ಅಭ್ಯರ್ಥಿ ಗೆದ್ದದ್ದು ಮುಂಬಯಿಗರಿಗೆ ನೆನಪಿರಬಹುದು. ಆದರೆ ಮತಕ್ಕೂ ತೀರ್ಪಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಮತದಾರನನ್ನು ‘ಏಕೆ ಇವರಿಗೇ ಹಾಕಿದಿರಿ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಗೋಪ್ಯತೆಯೇ ಮತದ ಘನತೆ. ಆದ್ದರಿಂದ ಮತಗಳು ಸಮವಾದಾಗ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ಅದೃಷ್ಟವನ್ನೇ ಕೇಳಬೇಕು. ತೀರ್ಪುಗಾರರ ಸಂಗತಿ ತದ್ವಿರುದ್ಧ. ಅವರನ್ನು ನಾವು ಕರೆದಿರುವುದೇ ಕಾರಣ ಹೇಳಲೆಂದು. ಕಾರಣ ಹೇಳಬಲ್ಲವರು ಎದುರಿಗಿರುವಾಗ ಅದೃಷ್ಟವನ್ನು ಕೇಳುವುದು ಅವರಿಗೂ ಅಗೌರವ, ಕಥೆಗೂ ಅಗೌರವ.

ವಯಸ್ಸಿನ ನಿಯಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಗಳಲ್ಲಿ ಸಮಾಂಕ ಬಂದವರ ನಡುವೆ ಕ್ರಮ ನಿರ್ಧರಿಸುವಾಗ ಒಂದು ಹಂತದಲ್ಲಿ ಹಿರಿಯ ವಯಸ್ಸಿನವರನ್ನು ಮೇಲಿಡುವ ಪದ್ಧತಿಯಿದೆ. ಸರ್ಕಾರಿ ನೌಕರನಾದ ನನಗೆ ಅದರ ಔಚಿತ್ಯ ಅರ್ಥವಾಗುತ್ತದೆ. ಅಲ್ಲಿ ಪರೀಕ್ಷಾರ್ಥಿಗಳು ಲಕ್ಷಗಟ್ಟಲೆ, ಯಾರನ್ನೂ ಕರೆದು ಮತ್ತೆ ಮಾತಾಡಿಸುವಂತಿಲ್ಲ, ಹುದ್ದೆಗಳು ತುಂಬಬೇಕು, ಕ್ರಮಾಂಕ ಒಂದು ಆಡಳಿತದ ಅಗತ್ಯ. ನಮ್ಮ ಸ್ಪರ್ಧೆಗೆ ಬರುವುದು ಹೆಚ್ಚೆಂದರೆ ಕೆಲವು ಹತ್ತು ಕಥೆಗಳು. ಸಮಾಂಕದಲ್ಲಿ ನಿಂತವು ಎರಡು. ಲಕ್ಷ ಜನರ ಪರೀಕ್ಷೆಯ ಸಲಕರಣೆಯನ್ನು ಎರಡು ಕಥೆಗಳ ಮೇಲೆ ಪ್ರಯೋಗಿಸುವ ಅಗತ್ಯವಾದರೂ ಏನು?

ಕಥೆಗೆ ಸಂಬಂಧವೇ ಇಲ್ಲದ ಅಳತೆಗೋಲಿನಿಂದ ಗೆಲುವನ್ನು ನಿರ್ಧರಿಸಿದರೆ ಏನಾಗುತ್ತದೆ ಎಂಬುದನ್ನು ಕ್ರಿಕೆಟ್ ಲೋಕ ಕಂಡಿದೆ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಎರಡೂ 241 ರನ್ ಗಳಿಸಿದವು. ಸೂಪರ್ ಓವರಿನಲ್ಲೂ ಎರಡೂ 15. ಆಗ ಬೌಂಡರಿಗಳನ್ನು ಎಣಿಸಿ, 26 ಬೌಂಡರಿ ಹೊಡೆದಿದ್ದ ಇಂಗ್ಲೆಂಡನ್ನು 17 ಹೊಡೆದಿದ್ದ ನ್ಯೂಜಿಲೆಂಡಿನ ಎದುರು ವಿಜಯಿ ಎಂದು ಘೋಷಿಸಲಾಯಿತು. ನಿಯಮ ಮೊದಲೇ ಬರೆದಿತ್ತು, ಯಾರಿಗೂ ಮೋಸವಾಗಲಿಲ್ಲ. ಆದರೂ ಜಗತ್ತಿನ ಬಹುಪಾಲು ಪ್ರೇಕ್ಷಕರಿಗೆ ಅದು ನ್ಯಾಯವೆನ್ನಿಸಲಿಲ್ಲ. ಓಡಿ ಗಳಿಸಿದ ರನ್ನಿಗೂ ಬೌಂಡರಿಯ ರನ್ನಿಗೂ ಪಂದ್ಯದುದ್ದಕ್ಕೂ ಒಂದೇ ಬೆಲೆಯಿದ್ದು, ಕೊನೆಯ ಗಳಿಗೆಯಲ್ಲಿ ಮಾತ್ರ ಬೇರೆ ಬೆಲೆ ಬಂದರೆ ಹೇಗೆ? ಅದೇ ವರ್ಷದ ಅಕ್ಟೋಬರಿನಲ್ಲಿ ಐಸಿಸಿ ನಿಯಮ ಬದಲಿಸಿತು: ಸೆಮಿಫೈನಲ್ ಮತ್ತು ಫೈನಲ್‌ಗಳಲ್ಲಿ ಒಬ್ಬರು ಗೆಲ್ಲುವ ತನಕ ಸೂಪರ್ ಓವರ್ ಪುನರಾವರ್ತನೆಯಾಗಬೇಕು. ಅಂದರೆ ಆಟದ ಸಮಸ್ಯೆಗೆ ಆಟದಲ್ಲೇ ಉತ್ತರ ಹುಡುಕಬೇಕು. ಬರವಣಿಗೆಯ ಸ್ಪರ್ಧೆಗೆ ಸೂಪರ್ ಓವರ್ ಯಾವುದು ಎಂದರೆ ಮರು ಓದು. ವಯಸ್ಸು, ಕಥೆ ತಲುಪಿದ ದಿನಾಂಕ, ಹಿಂದಿನ ವರ್ಷ ಬಹುಮಾನ ಬಂದಿತ್ತೇ ಇಲ್ಲವೇ ಎಂಬುದು, ಇವೆಲ್ಲ ನಮ್ಮ ಬೌಂಡರಿ ಎಣಿಕೆಗಳು.

ಉಳಿದಿರುವುದು ಹಂಚಿಕೆ. ನಮ್ಮವರಿಗೆ ಇದೇ ಬಹಳ ಪ್ರಿಯ. ‘ಇಬ್ಬರಿಗೂ ಕೊಟ್ಟುಬಿಡಿ, ಯಾರಿಗೂ ಬೇಸರವಾಗಬಾರದು’ ಎಂಬ ಮಾತು ಹಿತವಾಗಿಯೇ ಕೇಳಿಸುತ್ತದೆ. ಎಲ್ಲರೂ ಎಲ್ಲರಿಗೂ ಪರಿಚಿತರಾದ ಹೊರನಾಡಿನ ಸಣ್ಣ ಸಮಾಜದಲ್ಲಿ ಈ ದಾಕ್ಷಿಣ್ಯ ಸಹಜ. ಹಂಚಿಕೆಗೆ ಗೌರವದ ಪರಂಪರೆಯೂ ಇದೆ. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಪ್ರಶಸ್ತಿಯೇ ಹಂಚಿಕೆಯದು: 1967ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ಗಾಗಿ ಕುವೆಂಪು ಅವರಿಗೂ ‘ನಿಶೀಥ’ಕ್ಕಾಗಿ ಗುಜರಾತಿಯ ಉಮಾಶಂಕರ ಜೋಶಿ ಅವರಿಗೂ ಒಟ್ಟಿಗೆ ಸಂದಿತು. 1973ರಲ್ಲಿ ‘ನಾಕು ತಂತಿ’ಯ ಬೇಂದ್ರೆಯವರು ಒಡಿಯಾದ ಗೋಪೀನಾಥ ಮೊಹಾಂತಿಯವರೊಡನೆ ಹಂಚಿಕೊಂಡರು. ಇವುಗಳಿಂದ ಕುವೆಂಪು ಅವರಿಗಾಗಲಿ ಬೇಂದ್ರೆಯವರಿಗಾಗಲಿ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಅಲ್ಲಿನ ಸಂದರ್ಭವೇ ಬೇರೆ. ಕನ್ನಡದ ಮಹಾಕಾವ್ಯವನ್ನೂ ಗುಜರಾತಿಯ ಕವನಸಂಕಲನವನ್ನೂ ಮೂಲದಲ್ಲಿ ಓದಿ ತೂಗಬಲ್ಲವರು ಎಷ್ಟು ಜನ? ಎರಡು ಭಾಷೆಗಳ, ಎರಡು ಪ್ರಕಾರಗಳ ನಡುವೆ ಮೇಲುಕೀಳು ಹೇಳಲಾಗದು ಎಂಬ ವಿನಯವೂ ಅಂಥ ಹಂಚಿಕೆಗೆ ಒಪ್ಪುತ್ತದೆ. ಮೇಲಾಗಿ ಇಬ್ಬರ ಓದುಗ ವರ್ಗವೂ ಬೇರೆ. ನಮ್ಮ ಕಟ್ಟಡದಲ್ಲಿ ನೆರೆಯವರಾದ ಗುಜರಾತಿಗಳು ಉಮಾಶಂಕರರನ್ನು ನೆನೆಯುತ್ತಾರೆ, ನಾವು ಕುವೆಂಪು ಅವರನ್ನು ನೆನೆಯುತ್ತೇವೆ. ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವುದಿಲ್ಲ.

ಒಂದೇ ಭಾಷೆಯಲ್ಲಿ, ಒಂದೇ ಪ್ರಕಾರದಲ್ಲಿ ಹಂಚಿದಾಗ ನೆರಳು ಬೀಳುತ್ತದೆ. ಬೂಕರ್ ಪ್ರಶಸ್ತಿಯ ಕಥೆ ಇದಕ್ಕೆ ಸಾಕ್ಷಿ. 1974 ಮತ್ತು 1992ರಲ್ಲಿ ಆ ಪ್ರಶಸ್ತಿ ಇಬ್ಬರಿಗೆ ಹಂಚಿಹೋದ ಮೇಲೆ, ಇನ್ನು ಹಂಚಕೂಡದು ಎಂಬ ನಿಯಮವೇ ಬಂತು. 2019ರಲ್ಲಿ ಐವರು ತೀರ್ಪುಗಾರರು ಗಂಟೆಗಟ್ಟಲೆ ಚರ್ಚಿಸಿ, ನಿಯಮವನ್ನು ಮೀರಿಯೇ ಮಾರ್ಗರೆಟ್ ಅಟ್‌ವುಡ್ ಮತ್ತು ಬರ್ನಾರ್ಡೀನ್ ಎವರಿಸ್ಟೊ ಇಬ್ಬರನ್ನೂ ಆರಿಸಿದರು. 50,000 ಪೌಂಡು ಇಬ್ಭಾಗವಾಯಿತು. ಅಟ್‌ವುಡ್ 2000ದಲ್ಲೇ ಒಮ್ಮೆ ಬೂಕರ್ ಪಡೆದಿದ್ದ, ಜಗತ್ತೆಲ್ಲ ಬಲ್ಲ ಲೇಖಕಿ. ಎವರಿಸ್ಟೊ ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ. ಆ ಐತಿಹಾಸಿಕ ಗಳಿಗೆಯನ್ನು ಆಕೆ ಅರ್ಧವಾಗಿ ಪಡೆಯಬೇಕಾಯಿತು. ಅದೇ ಡಿಸೆಂಬರಿನಲ್ಲಿ ಬಿಬಿಸಿಯ ನಿರೂಪಕರೊಬ್ಬರು ಆ ವರ್ಷದ ಬೂಕರನ್ನು ನೆನೆಯುತ್ತ ಅಟ್‌ವುಡ್ ಹೆಸರನ್ನು ಹೇಳಿ, ಎವರಿಸ್ಟೊ ಅವರನ್ನು ಹೆಸರಿಸದೆ ಇನ್ನೊಬ್ಬ ಲೇಖಕರು ಎಂದಷ್ಟೇ ಹೇಳಿದರು. ಬಿಬಿಸಿ ಬಳಿಕ ಕ್ಷಮೆ ಕೇಳಬೇಕಾಯಿತು. ಹಂಚಿಕೆ ಸಮಾನವಾಗಿ ಕಂಡರೂ ಅದರ ಫಲ ಸಮಾನವಲ್ಲ. ಹೆಸರಾದವರ ಜೊತೆ ಹೊಸಬರನ್ನು ನಿಲ್ಲಿಸಿದಾಗ ಚಪ್ಪಾಳೆ ಯಾರ ಕಡೆ ಹೋಗುತ್ತದೆಂದು ನಮ್ಮ ಸಭಾಂಗಣಗಳಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹಂಚಿಕೆಯೇ ಕೂಡದು ಎಂದು ನಾನು ಹೇಳುವುದಿಲ್ಲ. ಎರಡು ಕಥೆಗಳನ್ನು ಮತ್ತೆ ಓದಿ, ಮೂವರೂ ಮಾತಾಡಿ, ಒಬ್ಬರ ಕಾರಣವನ್ನು ಇನ್ನೊಬ್ಬರು ತೂಗಿ ನೋಡಿದ ಮೇಲೂ ಆಯ್ಕೆ ಸಾಧ್ಯವಾಗದಿದ್ದರೆ ಆಗ ಅದು ನಿಜವಾದ ಸಮತೂಕ. ಅದನ್ನು ಸಂತೋಷದಿಂದಲೇ ಘೋಷಿಸಬಹುದು. 2019ರ ಬೂಕರ್ ತೀರ್ಪುಗಾರರನ್ನು ಯಾರು ಏನೇ ಟೀಕಿಸಲಿ, ಓದದೆ, ಮಾತಾಡದೆ ಹಂಚಿದರು ಎಂದು ಯಾರೂ ಹೇಳುವಂತಿಲ್ಲ. ಚರ್ಚೆಯ ಕೊನೆಯಲ್ಲಿ ಬರುವ ಹಂಚಿಕೆ ಬೇರೆ, ಚರ್ಚೆಯನ್ನು ತಪ್ಪಿಸಲು ಮಾಡುವ ಹಂಚಿಕೆ ಬೇರೆ.

ಇಲ್ಲಿ ನಮ್ಮ ಭೂಗೋಳದ ತೊಂದರೆಯನ್ನೂ ಒಪ್ಪಿಕೊಳ್ಳಬೇಕು. ಮುಂಬಯಿಯ ಕನ್ನಡ ಸಾಹಿತ್ಯದ ಚಟುವಟಿಕೆ ಒಂದು ಕಾಲಕ್ಕೆ 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘಗಳಂಥ ಸಂಸ್ಥೆಗಳ ಸುತ್ತ, ಮಾಟುಂಗಾ ಮಾಹಿಮ್ ಪರಿಸರದಲ್ಲಿ ನೆಲೆಗೊಂಡಿತ್ತು. ಜನ ಮನೆಗಳನ್ನು ಹುಡುಕುತ್ತ ಥಾಣೆಯಿಂದಾಚೆಗೆ, ಖಾಡಿಯಾಚೆಗೆ ಹರಡಿದಂತೆ ಸಂಘಗಳೂ ಸ್ಪರ್ಧೆಗಳೂ ಹರಡಿದವು. ಈಗ ಒಬ್ಬ ತೀರ್ಪುಗಾರರು ಕಲ್ಯಾಣದಲ್ಲಿ, ಒಬ್ಬರು ಡೊಂಬಿವಲಿಯಲ್ಲಿ, ಇನ್ನೊಬ್ಬರು ವಾಶಿಯಲ್ಲಿರುತ್ತಾರೆ. ಕಲ್ಯಾಣದಿಂದ ಥಾಣೆಗೆ ಬಂದು, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ವಾಶಿಗೆ ಹೋಗಬೇಕು. ಭಾನುವಾರ ಮೆಗಾಬ್ಲಾಕ್ ಇದ್ದರೆ ದಿನವೇ ಹೋಯಿತು. ಆದ್ದರಿಂದ ತೀರ್ಪುಗಾರರು ಭೇಟಿಯಾಗುವುದೇ ಇಲ್ಲ. ಕಥೆಗಳು ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಹೋಗುತ್ತವೆ, ಅಂಕಗಳು ವಾಟ್ಸಾಪಿನಲ್ಲಿ ಮರಳಿ ಬರುತ್ತವೆ, ಸಂಚಾಲಕರು ಕೂಡಿಸುತ್ತಾರೆ. ಆದರೆ ಸಮಾಂಕ ಬಂದಾಗ ಮೂವರೂ ಅರ್ಧ ಗಂಟೆ ಫೋನಿನಲ್ಲಿ ಒಟ್ಟಿಗೆ ಮಾತಾಡುವುದಕ್ಕೆ ಯಾವ ಗಾಡಿಯನ್ನೂ ಹಿಡಿಯಬೇಕಾಗಿಲ್ಲ. ಎರಡೇ ಕಥೆಗಳು, ಹಿಂದಿನ ರಾತ್ರಿ ಮತ್ತೆ ಓದಬಹುದು. ಉಪಭಾಷೆಯ ಕಥೆಯಾದರೆ ಅದನ್ನು ಬಲ್ಲವರು ಒಂದೆರಡು ಪುಟ ಗಟ್ಟಿಯಾಗಿ ಓದಿ ಕೇಳಿಸಬಹುದು.

ಇದಕ್ಕೆ ಪೂರಕವಾಗಿ ಕೆಲವು ನಿಯಮಗಳನ್ನು ಸ್ಪರ್ಧೆಯ ಪ್ರಕಟಣೆಯಲ್ಲೇ ಸೇರಿಸುವುದು ಒಳ್ಳೆಯದು. ಮೊದಲನೆಯದಾಗಿ, ತೀರ್ಪುಗಾರರು ಅಂಕದ ಜೊತೆಗೆ ಮೊದಲ ಐದು ಕಥೆಗಳ ಕ್ರಮವನ್ನೂ ಬರೆದು ಕೊಡಲಿ. ಉದಾರ ಕೈ, ಬಿಗಿ ಕೈಗಳ ವ್ಯತ್ಯಾಸ ಆಗ ಎದ್ದು ಕಾಣುತ್ತದೆ. ಎರಡನೆಯದಾಗಿ, ಸಮಾಂಕ ಬಗೆಹರಿಯುವ ತನಕ ಲೇಖಕರ ಹೆಸರಿರುವ ಲಕೋಟೆಯನ್ನು ತೆರೆಯಕೂಡದು. ಹೆಸರು ತಿಳಿದ ಮೇಲೆ ಮಾಡಿದ ಆಯ್ಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ಯಾರೂ ನಂಬುವುದಿಲ್ಲ. ‘ಆ ಕಡೆಯವರಿಗೆ ಹೋದ ಸಲ ಬಂತು, ಈ ಸಲ ಈ ಕಡೆಯವರಿಗೆ’ ಎಂಬ ಪಿಸುಮಾತಿಗೆ ಅಲ್ಲಿಯೇ ಎಡೆಯಾಗುತ್ತದೆ. ಮೂರನೆಯದಾಗಿ, ಮರು ಓದಿನ ನಿರ್ಧಾರ ತೀರ್ಪುಗಾರರದೇ ಆಗಿರಲಿ, ಪದಾಧಿಕಾರಿಗಳದ್ದಲ್ಲ.

ನಾಲ್ಕನೆಯದು ಹಣದ ಲೆಕ್ಕ. ಮೊದಲ ಬಹುಮಾನ 5,000, ಎರಡನೆಯದು 3,000 ಎಂದುಕೊಳ್ಳಿ. ಮೊದಲ ಬಹುಮಾನವನ್ನಷ್ಟೇ ಹಂಚಿದರೆ ತಲಾ 2,500. ಆಗ ಎರಡನೆಯ ಬಹುಮಾನ ಪಡೆದವರು 3,000 ತೆಗೆದುಕೊಂಡು ಹೋಗುತ್ತಾರೆ, ಮೊದಲಿಗರು ಅವರಿಗಿಂತ ಕಡಿಮೆ ಪಡೆಯುತ್ತಾರೆ! ಇಬ್ಬರು ಮೊದಲಿಗರಾದರೆ ಅವರು ಮೊದಲೆರಡು ಸ್ಥಾನಗಳನ್ನು ತುಂಬಿದಂತೆ. ಎರಡೂ ಬಹುಮಾನಗಳನ್ನು ಕೂಡಿಸಿ ತಲಾ 4,000 ಕೊಟ್ಟು, ಮುಂದಿನ ಕಥೆಗೆ ಮೂರನೆಯ ಬಹುಮಾನ ಕೊಡುವುದು ನ್ಯಾಯ. ಸಂಘದ ಬೊಕ್ಕಸಕ್ಕೂ ಒಂದು ಪೈಸೆ ಹೆಚ್ಚು ಹೊರೆಯಾಗುವುದಿಲ್ಲ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಕಾರಣವನ್ನು ಬರೆಯಬೇಕು. ಸರ್ಕಾರಿ ಕಡತದಲ್ಲಿ ಕಾರಣ ನಮೂದಿಸದ ಆದೇಶ ಮೇಲ್ಮನವಿಯ ಮುಂದೆ ನಿಲ್ಲುವುದು ಕಷ್ಟ. ಸಾಹಿತ್ಯದ ತೀರ್ಪಿಗೆ ಮೇಲ್ಮನವಿ ಇಲ್ಲ ನಿಜ. ಕಾರಣವನ್ನು ಬರೆಯಬೇಕಾದದ್ದು ಅದಕ್ಕಾಗಿಯೇ. ಎರಡೂ ಕಥೆಗಳ ಬಗ್ಗೆ ಎಂಟು ಹತ್ತು ವಾಕ್ಯ ಸಾಕು: ಈ ಕಥೆಯಲ್ಲಿ ಯಾವುದು ಮನಸ್ಸನ್ನು ಹಿಡಿಯಿತು, ಎಲ್ಲಿ ಕಥೆ ಸಡಿಲವಾಯಿತು, ಇದಕ್ಕಿಂತ ಅದು ಏಕೆ ಒಂದು ಹೆಜ್ಜೆ ಮುಂದೆ. ಅದನ್ನು ಇಬ್ಬರು ಲೇಖಕರಿಗೂ ಕಳುಹಿಸಬೇಕು.

ಒಳನಾಡಿನಲ್ಲಿ ಕಥೆ ಬರೆದವರಿಗೆ ಪತ್ರಿಕೆಗಳಿವೆ, ಸಾಹಿತ್ಯಾಸಕ್ತ ಮೇಷ್ಟ್ರುಗಳಿದ್ದಾರೆ, ಕಾಲೇಜುಗಳಿವೆ. ಬದಲಾಪುರದ ಗಾಡಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಕಥೆ ಟೈಪು ಮಾಡುವ ನೌಕರರಿಗೆ, ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಬಿಡಿಸುವ ಗೃಹಿಣಿಗೆ ಅಂಥ ಓದುಗರು ಸುಲಭವಾಗಿ ಸಿಗುವುದಿಲ್ಲ. ಮನೆಯ ಮಕ್ಕಳಿಗೆ ಕನ್ನಡ ಓದಲು ಬಾರದಿರಬಹುದು. ಅವರ ಕಥೆಯನ್ನು ಮೊದಲಿಂದ ಕೊನೆಯವರೆಗೆ ಶ್ರದ್ಧೆಯಿಂದ ಓದುವವರು ಆ ಮೂವರು ತೀರ್ಪುಗಾರರೇ ಆಗಿರುವ ಸಾಧ್ಯತೆಯೇ ಹೆಚ್ಚು. ಸಾವಿರ ರೂಪಾಯಿಯ ವ್ಯತ್ಯಾಸವನ್ನು ಅವರು ಒಂದು ವಾರದಲ್ಲಿ ಮರೆಯುತ್ತಾರೆ. ತಮ್ಮ ಕಥೆಯನ್ನು ಯಾರೋ ಎರಡು ಸಲ ಓದಿದರು, ಇನ್ನೊಂದು ಕಥೆಯ ಪಕ್ಕದಲ್ಲಿಟ್ಟು ತೂಗಿದರು, ಸೋತದ್ದಕ್ಕೂ ಗೆದ್ದದ್ದಕ್ಕೂ ಕಾರಣ ಬರೆದು ಕಳುಹಿಸಿದರು ಎಂಬುದನ್ನು ಮರೆಯುವುದಿಲ್ಲ. ಮುಂದಿನ ವರ್ಷ ಮತ್ತೊಂದು ಕಥೆ ಬರುವುದು ಅಂಥವರಿಂದ. ಈ ಸಲದ ರಾಜ್ಯೋತ್ಸವದ ಸ್ಪರ್ಧೆಗೆ ಪ್ರಕಟಣೆ ಸಿದ್ಧಪಡಿಸುವ ಸಂಚಾಲಕರು, ‘ತೀರ್ಪುಗಾರರ ನಿರ್ಣಯವೇ ಅಂತಿಮ’ ಎಂಬ ವಾಕ್ಯದ ಕೆಳಗೆ ‘ಸಮಾಂಕ ಬಂದಲ್ಲಿ ಕಥೆಗಳನ್ನು ಮರಳಿ ಓದಲಾಗುವುದು, ನಿರ್ಣಯದ ಕಾರಣವನ್ನು ಲೇಖಕರಿಗೆ ತಿಳಿಸಲಾಗುವುದು’ ಎಂಬ ಇನ್ನೊಂದು ವಾಕ್ಯವನ್ನು ಸೇರಿಸಲಿ ಎಂಬುದಷ್ಟೇ ನನ್ನ ವಿನಂತಿ.